ಮರಿಯಳ ಹೆಸರು ಹೊತ್ತ ಮೊಘಲ್ ತಾಯಂದಿರು



ಸೆಪ್ಟೆಂಬರ್ 8ರಂದು ನಾವು ಮಾತೆ ಮರಿಯಮ್ಮನವರ ಜನನೋತ್ಸವವನ್ನು ಆಚರಿಸುತ್ತೇವೆ. ಪುಟ್ಟ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಮಾತೆಯ ಪಾದಕ್ಕೆ ಅರ್ಪಿಸುತ್ತಾರೆ. ಕರಾವಳಿಯ ಧರ್ಮಕೇಂದ್ರಗಳಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ತಾಯಿಯೊಬ್ಬಳನ್ನು ಗೌರವಿಸುವ ಈ ಹಬ್ಬದ ಹೊತ್ತಿನಲ್ಲಿ ನಮ್ಮ ದೇಶದ ಇತಿಹಾಸದ ಒಂದು ಪುಟವನ್ನು ನೆನೆಯುವುದು ಉಚಿತ ಎನಿಸುತ್ತದೆ. ಮರಿಯಮ್ಮನವರ ಹೆಸರನ್ನು ತಾಯ್ತನದ ಅತ್ಯುನ್ನತ ಬಿರುದೆಂದು ಭಾವಿಸಿ, ತಮ್ಮ ತಾಯಂದಿರಿಗೆ ಆ ಹೆಸರನ್ನೇ ಕಿರೀಟದಂತೆ ತೊಡಿಸಿದ ಅರಸರು ಈ ನಾಡಿನಲ್ಲಿದ್ದರು. ಅವರು ಕ್ರೈಸ್ತರಾಗಿರಲಿಲ್ಲ. ಅವರು ಮೊಘಲ್ ಚಕ್ರವರ್ತಿಗಳು.

ಅಕ್ಬರನ ತಾಯಿ ಹಮೀದಾ ಬಾನು ಬೇಗಂ ಅವರ ಬಿರುದು ‘ಮರ್ಯಮ್ ಮಕಾನಿ’. ಅಂದರೆ ಮರಿಯಳ ಸ್ಥಾನದಲ್ಲಿರುವವರು. ಜಹಾಂಗೀರನ ತಾಯಿಯ ಬಿರುದು ‘ಮರ್ಯಮ್-ಉಜ್-ಜಮಾನಿ’. ಅಂದರೆ ತಮ್ಮ ಕಾಲದ ಮರಿಯ. ಈ ಇಬ್ಬರು ತಾಯಂದಿರ ಸುತ್ತ ಬೆಳೆದ ಚಿತ್ರಗಳು, ಮಸೀದಿ, ಮುದ್ರೆ, ಸಮಾಧಿಗಳು ನಮಗೂ ಒಂದು ಮಾತು ಹೇಳುತ್ತವೆ.

ಕುರ್‌ಆನಿನಲ್ಲಿ ಮರಿಯ

ಮುಸ್ಲಿಮರು ಮರಿಯಳ ಹೆಸರನ್ನು ಎಲ್ಲಿಂದ ತಂದರು? ನಮ್ಮಲ್ಲಿ ಅನೇಕರಿಗೆ ಇದು ಆಶ್ಚರ್ಯದ ಸಂಗತಿ. ಕುರ್‌ಆನಿನಲ್ಲಿ ಹೆಸರಿಡಿದು ಹೇಳಲಾದ ಏಕೈಕ ಸ್ತ್ರೀ ಮರಿಯ. ಅದರ 19ನೇ ಅಧ್ಯಾಯಕ್ಕೆ ಅವರ ಹೆಸರನ್ನೇ ಇಡಲಾಗಿದೆ. ಒಂಟಿಯಾಗಿ, ಖರ್ಜೂರದ ಮರದ ಬುಡದಲ್ಲಿ, ಹೆರಿಗೆಯ ನೋವಿನಿಂದ ನರಳುವ ಮರಿಯಳ ಚಿತ್ರಣ ಅಲ್ಲಿದೆ. ಯೇಸುವನ್ನು ದೇವಪುತ್ರನೆಂದು ಇಸ್ಲಾಂ ಒಪ್ಪುವುದಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ, ಅದನ್ನು ಮರೆಮಾಚಬೇಕಾಗಿಯೂ ಇಲ್ಲ. ಆದರೆ ಮರಿಯಳ ಕನ್ಯತ್ವವನ್ನೂ ಪರಿಶುದ್ಧತೆಯನ್ನೂ ಅದು ಗೌರವದಿಂದ ಸ್ಮರಿಸುತ್ತದೆ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ‘ನೊಸ್ತ್ರಾ ಎತಾತೆ’ ಎಂಬ ಘೋಷಣೆಯಲ್ಲಿ ಮುಸ್ಲಿಮರು ಮರಿಯಮ್ಮನವರಿಗೆ ಸಲ್ಲಿಸುವ ಈ ಗೌರವವನ್ನು ಎತ್ತಿ ಹೇಳಿತು.

ತಾಯಿಯ ಸ್ಥಾನದ ಬಗ್ಗೆಯೂ ಇಸ್ಲಾಮಿನ ಬೋಧನೆ ಸ್ಪಷ್ಟವಾಗಿದೆ. ನಾನು ಯಾರೊಂದಿಗೆ ಅತಿ ಹೆಚ್ಚು ಒಳ್ಳೆಯವನಾಗಿ ನಡೆದುಕೊಳ್ಳಬೇಕು ಎಂದು ಒಬ್ಬನು ಕೇಳಿದಾಗ ಪ್ರವಾದಿ ಮುಹಮ್ಮದರು ಮೂರು ಸಲ ತಾಯಿಯನ್ನೇ ಹೆಸರಿಸಿ, ನಾಲ್ಕನೆಯ ಸಲ ತಂದೆಯನ್ನು ಹೆಸರಿಸಿದರೆಂಬ ಪ್ರಸಂಗ ಮುಸ್ಲಿಂ ಮನೆಗಳಲ್ಲಿ ಮಕ್ಕಳಿಗೂ ಗೊತ್ತು.

ಆದರೆ ಈ ಗೌರವವನ್ನು ಕಲೆಯಲ್ಲಿ ತೋರಿಸುವುದು ಹೇಗೆ? ನಾವು ದೇವಾಲಯದಲ್ಲಿ ಮಾತೆಯ ಸ್ವರೂಪವನ್ನಿಟ್ಟು ಗೌರವಿಸುತ್ತೇವೆ. ಮಸೀದಿಯಲ್ಲಿ ಪ್ರತಿಮೆಗಾಗಲಿ ಚಿತ್ರಕ್ಕಾಗಲಿ ಸ್ಥಳವಿಲ್ಲ. ಆದ್ದರಿಂದ ಅಲ್ಲಿ ಗೌರವವು ಅಕ್ಷರವಾಗಿ, ಕಟ್ಟಡವಾಗಿ ಮೈದಳೆಯಿತು. ತುರ್ಕಿ ದೇಶದ ಎಷ್ಟೋ ಮಸೀದಿಗಳಲ್ಲಿ, ಪ್ರಾರ್ಥನೆಯ ದಿಕ್ಕನ್ನು ಸೂಚಿಸುವ ಮಿಹ್ರಾಬ್ ಎಂಬ ಗೂಡಿನ ಮೇಲೆ, ಬಾಲೆ ಮರಿಯಳು ದೇವರ ಸನ್ನಿಧಿಯಲ್ಲಿ ಬೆಳೆದ ಪ್ರಸಂಗದ ಕುರ್‌ಆನ್ ವಾಕ್ಯವನ್ನು ಸುಂದರವಾದ ಅರಬ್ಬಿ ಲಿಪಿಯಲ್ಲಿ ಕೆತ್ತಿರುತ್ತಾರೆ. ಅರಮನೆಯ ಕಥೆ ಬೇರೆ. ಅಲ್ಲಿ ಅರಸನು ಇಷ್ಟಪಟ್ಟರೆ ಚಿತ್ರಗಾರನ ಕುಂಚಕ್ಕೂ ಅವಕಾಶವಿತ್ತು. ಮೊಘಲರ ಆಸ್ಥಾನದಲ್ಲಿ ಅಕ್ಷರ, ಕಟ್ಟಡ, ಚಿತ್ರ ಮೂರೂ ತಾಯಂದಿರ ಸೇವೆಗೆ ನಿಂತವು.

ಮಗನನ್ನು ಅಗಲಿದ ತಾಯಿ

ಹಮೀದಾ ಬಾನು ಬೇಗಂ ಅವರ ತಾಯ್ತನ ಸುಖದ್ದಾಗಿರಲಿಲ್ಲ. 1541ರಲ್ಲಿ ಅವರು ಹುಮಾಯೂನನನ್ನು ಮದುವೆಯಾದಾಗ ಆತ ರಾಜ್ಯ ಕಳೆದುಕೊಂಡು ಅಲೆಯುತ್ತಿದ್ದ. ತುಂಬು ಗರ್ಭಿಣಿಯಾಗಿ ಅವರು ಥಾರ್ ಮರುಭೂಮಿಯನ್ನು ದಾಟಬೇಕಾಯಿತು. ಉಮರ್‌ಕೋಟೆಯ ರಜಪೂತ ರಾಣಾ ಅವರಿಗೆ ಆಶ್ರಯ ಕೊಟ್ಟನು. 1542ರ ಅಕ್ಟೋಬರ್ 15ರಂದು ಆ ಹಿಂದೂ ಅರಸನ ಮನೆಯಲ್ಲಿ ಅಕ್ಬರ್ ಹುಟ್ಟಿದ. ತಂಗಲು ಸ್ವಂತ ನೆಲೆಯಿಲ್ಲದೆ ಪರಸ್ಥಳದಲ್ಲಿ ಮಗುವನ್ನು ಹೆತ್ತ ತಾಯಿಯೆಂದರೆ ನಮಗೆ ಯಾರ ನೆನಪಾಗುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ.

ಮುಂದಿನ ವರ್ಷವೇ ಇನ್ನೊಂದು ಕಷ್ಟ ಬಂತು. ವೈರಿಗಳು ಬೆನ್ನಟ್ಟಿದಾಗ ಹುಮಾಯೂನನೂ ಹಮೀದಾರೂ ಪರ್ಷಿಯಾಕ್ಕೆ ಓಡಿಹೋಗಬೇಕಾಯಿತು. ಆ ಚಳಿಯ ದಾರಿಯಲ್ಲಿ ಒಯ್ಯಲಾಗದೆ ಒಂದು ವರ್ಷ ದಾಟಿದ ಮಗುವನ್ನು ಬಿಟ್ಟುಹೋದರು. ಸುಮಾರು ಎರಡು ವರ್ಷಗಳ ಬಳಿಕ ಕಾಬೂಲಿನಲ್ಲಿ ತಾಯಿ ಮಗ ಮತ್ತೆ ಸೇರಿದರು. ಅಂದು ಅಂತಃಪುರದ ಸ್ತ್ರೀಯರೆಲ್ಲ ಒಟ್ಟಿಗೆ ಕುಳಿತಿದ್ದಾಗ ಮಗುವನ್ನು ಅವರ ನಡುವೆ ಬಿಟ್ಟರೆಂದೂ, ಅದು ಯಾರೂ ತೋರಿಸದೆ ನೇರವಾಗಿ ತನ್ನ ತಾಯಿಯ ಮಡಿಲಿಗೆ ಹೋಯಿತೆಂದೂ ಅಬುಲ್ ಫಜಲ್ ‘ಅಕ್ಬರ್‌ನಾಮಾ’ದಲ್ಲಿ ಬರೆದಿದ್ದಾನೆ. ಈ ಪ್ರಸಂಗವನ್ನು ಮಧು ಎಂಬ ಆಸ್ಥಾನದ ಚಿತ್ರಗಾರ ಬಣ್ಣದಲ್ಲಿ ಬರೆದ. 17ನೇ ಶತಮಾನದ ಆರಂಭದ ಆ ಚಿತ್ರ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಯುದ್ಧ, ಬೇಟೆ, ದರ್ಬಾರುಗಳನ್ನೇ ಹೆಚ್ಚಾಗಿ ಚಿತ್ರಿಸಿದ ಒಂದು ರಾಜಗ್ರಂಥದಲ್ಲಿ, ಮಗು ತಾಯಿಯನ್ನು ಗುರುತಿಸಿದ ಕ್ಷಣಕ್ಕೂ ಒಂದು ಪುಟ ಸಿಕ್ಕಿತು!

ಅಕ್ಬರ್ ಆ ಮಡಿಲನ್ನು ದೊಡ್ಡವನಾದ ಮೇಲೂ ಮರೆಯಲಿಲ್ಲ. 1616ರ ಸುಮಾರಿಗೆ ಭಾರತದಲ್ಲಿದ್ದ ಥಾಮಸ್ ಕೊರ್ಯಟ್ ಎಂಬ ಇಂಗ್ಲಿಷ್ ಪ್ರವಾಸಿ ಇಲ್ಲಿ ಕೇಳಿದ ಒಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಲಾಹೋರಿನಿಂದ ಆಗ್ರಾಕ್ಕೆ ಪ್ರಯಾಣ ಮಾಡುವಾಗ ಎದುರಾದ ನದಿಯನ್ನು ದಾಟಲು ಅಕ್ಬರನೂ ಅವನ ಸರದಾರರೂ ತಾಯಿಯ ಪಲ್ಲಕ್ಕಿಗೆ ತಾವೇ ಹೆಗಲು ಕೊಟ್ಟರಂತೆ.

ಹಮೀದಾ ಬಾನು ಬೇಗಂ ಬರೀ ಗೌರವ ಪಡೆಯುತ್ತ ಕುಳಿತವರಲ್ಲ. ಅವರಿಗೆ ತಮ್ಮದೇ ಹುಕುಂ ಹೊರಡಿಸುವ ಅಧಿಕಾರವಿತ್ತು. ಗೋಕುಲದ ವೈಷ್ಣವ ಗುರು ವಿಠ್ಠಲರಾಯರ ಹಸುಗಳು ಎಲ್ಲಿ ಬೇಕಾದರೂ ತಡೆಯಿಲ್ಲದೆ ಮೇಯಬಹುದೆಂದು 1581ರಲ್ಲಿ ಅವರು ಹೊರಡಿಸಿದ ಹುಕುಂ ಉಳಿದುಬಂದಿದೆ.

ಗೋವೆಯಿಂದ ಹೋದ ಚಿತ್ರಗಳು

ಇದೇ ಕಾಲದಲ್ಲಿ ನಮ್ಮ ಧರ್ಮಸಭೆಯ ಕಥೆಯೂ ಇದರೊಂದಿಗೆ ಹೆಣೆದುಕೊಂಡಿತು. ಅಕ್ಬರನ ಆಹ್ವಾನದ ಮೇರೆಗೆ ಯೇಸುಸಭೆಯ ಗುರುಗಳಾದ ರುಡಾಲ್ಫ್ ಅಕ್ವಾವೀವ ಮತ್ತು ಸಂಗಡಿಗರು ಗೋವೆಯಿಂದ ಹೊರಟು 1580ರಲ್ಲಿ ಫತೇಪುರ್ ಸಿಕ್ರಿಯನ್ನು ಸೇರಿದರು. ಅವರು ಪವಿತ್ರ ಬೈಬಲಿನ ಸಂಪುಟಗಳನ್ನೂ ಮಾತೆ ಮರಿಯಮ್ಮನವರ ಚಿತ್ರಗಳನ್ನೂ ತಂದಿದ್ದರು. ಆಸ್ಥಾನದ ಚಿತ್ರಗಾರರು ಇವನ್ನು ನೋಡಿ ನಕಲು ಮಾಡಿದರು. ಕ್ರಮೇಣ ತಮ್ಮದೇ ಶೈಲಿಯಲ್ಲಿ ಬರೆಯತೊಡಗಿದರು. ಸಂತ ಫ್ರಾನ್ಸಿಸ್ ಕ್ಸೇವಿಯರರ ವಂಶದವರೇ ಆದ ಜೆರೋಮ್ ಕ್ಸೇವಿಯರ್ ಗುರುಗಳು ಅಕ್ಬರನಿಗಾಗಿ 1602ರಲ್ಲಿ ಪರ್ಷಿಯನ್ ಭಾಷೆಯಲ್ಲಿ ಯೇಸುಸ್ವಾಮಿಯ ಜೀವನಚರಿತ್ರೆಯನ್ನು ಬರೆದರು. ‘ಮಿರಾತ್-ಉಲ್-ಕುದ್ಸ್’ ಎಂಬ ಈ ಗ್ರಂಥದ ಒಂದು ಸಚಿತ್ರ ಪ್ರತಿ ಅಮೆರಿಕದ ಕ್ಲೀವ್‌ಲ್ಯಾಂಡ್ ವಸ್ತುಸಂಗ್ರಹಾಲಯದಲ್ಲಿದೆ. ಚಿತ್ರ ಬರೆದವರು ಮೊಘಲ್ ಆಸ್ಥಾನದ ಕಲಾವಿದರು.

ಅದೇ ಸುಮಾರಿಗೆ ಆಗ್ರಾದ ದೇವಾಲಯದಲ್ಲಿ ಗುರುಗಳು ರೋಮಿನ ಪ್ರಸಿದ್ಧ ಮಾತೆಯ ಚಿತ್ರವೊಂದರ ಪ್ರತಿಯನ್ನು ದರ್ಶನಕ್ಕಿಟ್ಟರು. ಹಿಂದೂಗಳೂ ಮುಸ್ಲಿಮರೂ ಸಾವಿರಾರು ಸಂಖ್ಯೆಯಲ್ಲಿ ಬಂದು ನೋಡಿದರೆಂದು ಅವರ ಪತ್ರಗಳು ತಿಳಿಸುತ್ತವೆ. ಅಕ್ಬರ್ ಆ ಚಿತ್ರವನ್ನು ಅರಮನೆಗೆ ತರಿಸಿಕೊಂಡ. ವೃದ್ಧೆಯಾಗಿದ್ದ ತಾಯಿಗೂ ಅದನ್ನು ತೋರಿಸಬೇಕೆಂಬುದು ಅವನ ಆಸೆಯಾಗಿತ್ತು.

ಹೆಸರು ಉಳಿಯದ ರಾಣಿ

ಎರಡನೆಯ ಮರ್ಯಮ್ ಹುಟ್ಟಿನಿಂದ ಮುಸ್ಲಿಮಳಲ್ಲ. ಆಂಬೇರಿನ ರಾಜಾ ಭಾರಮಲ್ಲನ ಮಗಳಾದ ಆಕೆಯನ್ನು ಅಕ್ಬರ್ 1562ರಲ್ಲಿ ವಿವಾಹವಾದ. 1569ರಲ್ಲಿ ಸಿಕ್ರಿಯಲ್ಲಿ ಆಕೆ ಹೆತ್ತ ಮಗ ಸಲೀಮನೇ ಮುಂದೆ ಜಹಾಂಗೀರನಾದ. ಹೀಗೆ ಹಿಂದೂ ಮನೆತನದಲ್ಲಿ ಹುಟ್ಟಿ, ಮುಸ್ಲಿಂ ಅರಮನೆಯಲ್ಲಿ ತಾಯಿಯಾಗಿ, ನಾವು ದಿನವೂ ಜಪಿಸುವ ಹೆಸರನ್ನು ಬಿರುದಾಗಿ ಪಡೆದ ಮಹಿಳೆ ಇವರು. ಈ ಬಿರುದನ್ನು ಕೇಳಿ ಅಕ್ಬರನಿಗೆ ಒಬ್ಬಳು ಪೋರ್ಚುಗೀಸ್ ಕ್ರೈಸ್ತ ಪತ್ನಿಯಿದ್ದಳೆಂಬ ಕಥೆಯನ್ನು ಕಟ್ಟಿದವರೂ ಉಂಟು. ಅದಕ್ಕೆ ಆಧಾರವಿಲ್ಲ.

ಬೋಸ್ಟನ್ ನಗರದ ವಸ್ತುಸಂಗ್ರಹಾಲಯದಲ್ಲಿ ಜಹಾಂಗೀರನ ಕಾಲದ ಒಂದು ಚಿತ್ರವಿದೆ. ಬಿಶನ್‌ದಾಸ್ ಎಂಬ ಕಲಾವಿದ ಬರೆದದ್ದೆಂದು ವಿದ್ವಾಂಸರು ಹೇಳುವ ಈ ಚಿತ್ರದ ವಿಷಯ ರಾಜಕುಮಾರನೊಬ್ಬನ ಜನನ. ಬಾಣಂತಿ ಹಾಸಿಗೆಯಲ್ಲಿ ಮಲಗಿದ್ದಾಳೆ. ಮಗುವನ್ನು ಸಖಿಯರು ಎತ್ತಿಕೊಂಡಿದ್ದಾರೆ. ವಯಸ್ಸಾದ ಒಬ್ಬ ಗೌರವಾನ್ವಿತ ಸ್ತ್ರೀ ಪಕ್ಕದಲ್ಲಿ ಪೀಠದ ಮೇಲೆ ಕುಳಿತಿದ್ದಾರೆ. ಅವರು ಅಜ್ಜಿ ಹಮೀದಾ ಇರಬೇಕೆಂಬ ಊಹೆಯಿದೆ. ಜ್ಯೋತಿಷಿಗಳು ಬಾಗಿಲಿನ ಹೊರಗೆ ಲೆಕ್ಕ ಹಾಕುತ್ತಿದ್ದಾರೆ. ಲೋಕವನ್ನಾಳುವವನ ಬಾಳು ಕೂಡ ಸ್ತ್ರೀಯರ ಕೈಗಳಲ್ಲಿ ಆರಂಭವಾಗುತ್ತದೆ ಎಂಬುದನ್ನು ಈ ಚಿತ್ರ ಸದ್ದಿಲ್ಲದೆ ಹೇಳುತ್ತದೆ.

ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ತಾಯಿಯನ್ನು ಎದುರುಗೊಳ್ಳಲು ತಾನೇ ಹೋಗಿ ಬಾಗಿ ನಮಸ್ಕರಿಸಿದ್ದನ್ನು ಬರೆದುಕೊಂಡಿದ್ದಾನೆ. ಇಡೀ ಸಾಮ್ರಾಜ್ಯ ಯಾರ ಮುಂದೆ ಬಾಗುತ್ತಿತ್ತೋ ಅವನು ಬಾಗಿದ್ದು ತಾಯಿಯ ಮುಂದೆ. ಲಾಹೋರಿನ ಕೋಟೆಯ ಬಳಿ 1611ರಿಂದ 1614ರವರೆಗೆ ಕಟ್ಟಿದ ಬೇಗಂ ಶಾಹಿ ಮಸೀದಿ ಇವರ ಕೊಡುಗೆ. ಅದರ ಒಳಗಿನ ಕಮಾನುಗಳ ಮೇಲೂ ಗುಮ್ಮಟದ ಮೇಲೂ ಹೂಬಳ್ಳಿಗಳ ವರ್ಣಚಿತ್ರಗಳಿವೆ. ಬಾಗಿಲಿನ ಶಾಸನದಲ್ಲಿ ಕಟ್ಟಿಸಿದವರ ಹೆಸರೆಂದು ಕೊಟ್ಟಿರುವುದು ಮರ್ಯಮ್ ಎಂಬ ಬಿರುದು. ಅವರ ಹುಕುಂಗಳ ಮುದ್ರೆಯಲ್ಲಿ ಜಹಾಂಗೀರ್ ಬಾದಶಹನ ತಾಯಿ ಎಂದು ಕೆತ್ತಿದೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇಷ್ಟೆಲ್ಲ ಗೌರವ ಪಡೆದ ಈ ತಾಯಿಗೆ ಹೆತ್ತವರು ಇಟ್ಟ ಹೆಸರೇನು? ಆ ಕಾಲದ ಗ್ರಂಥಗಳಲ್ಲಿ ಅದು ದಾಖಲಾಗಿಲ್ಲ. ಜನರು ಬಳಸುವ ಜೋಧಾಬಾಯಿ ಎಂಬ ಹೆಸರು ಎಷ್ಟೋ ಕಾಲದ ಬಳಿಕ ಅಂಟಿಕೊಂಡದ್ದು. ಬಿರುದು ಉಳಿಯಿತು, ಹೆಸರು ಅಳಿಯಿತು. ತಾಯಿಯೆಂದು ಪೂಜಿಸುತ್ತಲೇ ಅವಳೂ ಒಬ್ಬ ವ್ಯಕ್ತಿಯೆಂಬುದನ್ನು ಮರೆಯುವುದು ಮೊಘಲರ ಅರಮನೆಯಲ್ಲಿ ಮಾತ್ರ ನಡೆದದ್ದೇ? ನಮ್ಮ ಮನೆಗಳಲ್ಲಿ ಅಮ್ಮ, ಅತ್ತೆ, ಅಜ್ಜಿ ಎಂದೇ ಕರೆಸಿಕೊಂಡು ಬಾಳು ಸವೆಸಿದವರ ಸ್ವಂತ ಹೆಸರು ಮೊಮ್ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತಿದೆ?

ಸೆರೆಯಾದ ಹಡಗು

ಈ ರಾಣಿ ಹಡಗುಗಳ ಒಡತಿಯೂ ಆಗಿದ್ದರು. ಅವರ ‘ರಹೀಮಿ’ ಎಂಬ ದೊಡ್ಡ ಹಡಗು ಸೂರತ್ ಬಂದರಿನಿಂದ ಮೆಕ್ಕಾ ಯಾತ್ರಿಕರನ್ನೂ ಸರಕನ್ನೂ ಕೆಂಪು ಸಮುದ್ರದ ಬಂದರುಗಳಿಗೆ ಒಯ್ಯುತ್ತಿತ್ತು. ಆಗ ಅರಬ್ಬಿ ಸಮುದ್ರದಲ್ಲಿ ಸಂಚರಿಸುವ ಹಡಗುಗಳು ಪೋರ್ಚುಗೀಸರಿಂದ ‘ಕರ್ತಾಸ್’ ಎಂಬ ರಹದಾರಿ ಪತ್ರವನ್ನು ಪಡೆಯಬೇಕಿತ್ತು. ಆ ಪತ್ರಗಳ ಮೇಲೆ ಮರಿಯಮ್ಮನವರ ಹಾಗೂ ಯೇಸುವಿನ ಚಿತ್ರದ ಮುದ್ರೆಯಿರುತ್ತಿತ್ತು. ಇದನ್ನು ಹೊತ್ತು ಹಜ್ ಯಾತ್ರೆಗೆ ಹೋಗಬಹುದೇ ಎಂಬ ಚರ್ಚೆ ಅಕ್ಬರನ ಕಾಲದ ಮುಸ್ಲಿಂ ಪಂಡಿತರಲ್ಲಿ ನಡೆದಿತ್ತು.

1613ರಲ್ಲಿ ಪೋರ್ಚುಗೀಸರು, ರಹದಾರಿ ಪತ್ರವಿದ್ದರೂ ರಹೀಮಿಯನ್ನು ಹಿಡಿದು, ನೂರಾರು ಯಾತ್ರಿಕರೊಂದಿಗೆ ಗೋವೆಗೆ ಒಯ್ದರು. ಜಹಾಂಗೀರ್ ಕೆರಳಿದ. ಅದು ವ್ಯಾಪಾರದ ನಷ್ಟ ಮಾತ್ರವಾಗಿರಲಿಲ್ಲ, ತಾಯಿಗೆ ಮಾಡಿದ ಅವಮಾನವಾಗಿತ್ತು. ದಮನ್ ಕೋಟೆಗೆ ಮುತ್ತಿಗೆ ಹಾಕಿಸಿದ. ಆಗ್ರಾದಲ್ಲಿ ಯೇಸುಸಭೆಯವರ ದೇವಾಲಯವನ್ನು ಮುಚ್ಚಿಸಿದ. ಗುರುಗಳಿಗೆ ಕೊಡುತ್ತಿದ್ದ ಹಣವನ್ನು ನಿಲ್ಲಿಸಿದ. ಮಾತೆಯ ಚಿತ್ರವನ್ನು ನೋಡಲು ಸಾವಿರಾರು ಜನ ಕೂಡಿದ್ದ ಊರಿನಲ್ಲಿ ದೇವಾಲಯದ ಬಾಗಿಲಿಗೆ ಬೀಗ ಬಿತ್ತು. ಮರಿಯಮ್ಮನವರ ಚಿತ್ರವನ್ನು ಮುದ್ರೆಯಾಗಿ ಬಳಸಿದವರು, ಅವರದೇ ಹೆಸರನ್ನು ಬಿರುದಾಗಿ ಹೊತ್ತ ತಾಯಿಯ ಹಡಗನ್ನು ಸೆರೆಹಿಡಿದಿದ್ದರು. ಅದರ ಬೆಲೆ ತೆತ್ತವರು ಯಾವ ತಪ್ಪನ್ನೂ ಮಾಡದ ಸಾಮಾನ್ಯ ಕ್ರೈಸ್ತರು.

ಇಂಥ ಪ್ರಮಾದ ಒಂದೇ ಕಡೆಯದಲ್ಲ. ಶ್ರೀರಂಗಪಟ್ಟಣದ ಗುಂಬಜನ್ನು ನಮ್ಮಲ್ಲಿ ಅನೇಕರು ನೋಡಿದ್ದೀರಿ. ಟಿಪ್ಪು ಸುಲ್ತಾನ ಕಟ್ಟಿಸಿದ ಆ ಸುಂದರ ಕಟ್ಟಡದೊಳಗೆ ತಂದೆ ಹೈದರಾಲಿಯ ಪಕ್ಕದಲ್ಲಿ ತಾಯಿ ಫಾತಿಮಾ ಫಕ್ರುನ್ನಿಸಾರ ಸಮಾಧಿಯೂ ಇದೆ. ಆದರೆ 1784ರಲ್ಲಿ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಅದೇ ಶ್ರೀರಂಗಪಟ್ಟಣಕ್ಕೆ ನಡೆಸಿದಾಗ, ಆ ಸಾಲಿನಲ್ಲಿ ಕಂಕುಳಲ್ಲಿ ಕೂಸನ್ನು ಹೊತ್ತ ತಾಯಂದಿರೂ ಇದ್ದರು. ತನ್ನ ತಾಯಿಗೆ ಗುಮ್ಮಟ ಕಟ್ಟುವುದು ಒಂದು. ಪರರ ತಾಯಿಯೂ ತಾಯಿಯೇ ಎಂದು ಒಪ್ಪುವುದು ಇನ್ನೊಂದು. ಎರಡನೆಯದು ಎಲ್ಲ ಕಾಲಕ್ಕೂ ಕಷ್ಟವೇ.

ತಾಯಿಗೆ ಹೇಳಿದ ಒಂದೇ ಇಲ್ಲ

ಆದರೆ ಕಷ್ಟವೇ ಹೊರತು ಅಸಾಧ್ಯವಲ್ಲ. ಪಲ್ಲಕ್ಕಿಯ ಕಥೆ ಹೇಳಿದ ಅದೇ ಕೊರ್ಯಟ್ ಇನ್ನೊಂದು ಸಂಗತಿಯನ್ನೂ ಬರೆದಿದ್ದಾನೆ. ಅಕ್ಬರ್ ತಾಯಿಯ ಯಾವ ಮಾತನ್ನೂ ತೆಗೆದುಹಾಕಿದವನಲ್ಲ, ಒಂದನ್ನು ಬಿಟ್ಟು. ಪೋರ್ಚುಗೀಸರು ಮುಸ್ಲಿಮರ ಹಡಗೊಂದನ್ನು ಹಿಡಿದಾಗ ಅದರಲ್ಲಿ ಸಿಕ್ಕಿದ ಕುರ್‌ಆನನ್ನು ನಾಯಿಯ ಕೊರಳಿಗೆ ಕಟ್ಟಿ, ಆ ನಾಯಿಯನ್ನು ಹೊಡೆಯುತ್ತ ಹೋರ್ಮುಜ್ ಪಟ್ಟಣದಲ್ಲಿ ಓಡಿಸಿದ್ದರು. ಈ ಸುದ್ದಿ ಕೇಳಿ ನೊಂದ ತಾಯಿ, ಬೈಬಲನ್ನು ಕತ್ತೆಯ ಕೊರಳಿಗೆ ಕಟ್ಟಿ ಆಗ್ರಾದಲ್ಲಿ ಹಾಗೆಯೇ ಮಾಡಿಸಬೇಕೆಂದು ಮಗನನ್ನು ಕೇಳಿದರು. ಅಕ್ಬರ್ ಒಪ್ಪಲಿಲ್ಲ. ಕೆಡುಕಿಗೆ ಕೆಡುಕು ಮಾಡುವುದು ಅರಸನಿಗೆ ತಕ್ಕುದಲ್ಲ, ಯಾವ ಧರ್ಮವನ್ನು ಹೀಗಳೆದರೂ ಅದು ದೇವರನ್ನೇ ಹೀಗಳೆದಂತೆ, ಏನೂ ಅರಿಯದ ಗ್ರಂಥದ ಮೇಲೆ ತಾನು ಸೇಡು ತೀರಿಸಿಕೊಳ್ಳಲಾರೆ ಎಂಬ ಅರ್ಥದ ಉತ್ತರ ಕೊಟ್ಟನಂತೆ.

ಆ ತಾಯಿಯ ನೋವು ಸುಳ್ಳಾಗಿರಲಿಲ್ಲ. ತನ್ನ ಪವಿತ್ರ ಗ್ರಂಥಕ್ಕಾದ ಅವಮಾನ ಯಾರನ್ನು ತಾನೇ ನೋಯಿಸದು? ಆದರೂ ಮಗ ಇಲ್ಲ ಎಂದ. ಪಲ್ಲಕ್ಕಿಗೆ ಹೆಗಲು ಕೊಟ್ಟವನಿಗೆ ಮಾತ್ರ ಹಾಗೆ ಇಲ್ಲ ಎನ್ನುವ ಅಧಿಕಾರವಿತ್ತು. ತಾಯಿಯ ಮೇಲಿನ ಪ್ರೀತಿಯ ಹೆಸರಿನಲ್ಲಿ ಇನ್ನೊಬ್ಬರ ಮೇಲೆ ದ್ವೇಷ ಸಾಧಿಸದಿರುವುದೂ ತಾಯಿಗೆ ಸಲ್ಲಿಸುವ ಗೌರವವೇ.

1604ರಲ್ಲಿ ಹಮೀದಾ ಬಾನು ಬೇಗಂ ಕೊನೆಯುಸಿರೆಳೆದದ್ದೂ ಹೀಗೆಯೇ ಅರ್ಥಪೂರ್ಣ. ಆಗ ಸಲೀಮ ತಂದೆಯ ವಿರುದ್ಧ ದಂಗೆಯೆದ್ದಿದ್ದ. ಅಕ್ಬರ್ ಸೈನ್ಯದೊಂದಿಗೆ ಮಗನ ಮೇಲೆ ಹೊರಟಿದ್ದ. ತಾಯಿಗೆ ಕಾಯಿಲೆ ವಿಷಮಿಸಿತೆಂಬ ಸುದ್ದಿ ಬಂದಾಗ ಆತ ದಂಡಯಾತ್ರೆಯನ್ನು ನಿಲ್ಲಿಸಿ ಹಿಂದಿರುಗಿದ. ಅಷ್ಟರಲ್ಲಿ ಆಕೆಗೆ ಮಾತು ನಿಂತುಹೋಗಿತ್ತು. ತಾಯಿ ತೀರಿಕೊಂಡಾಗ ಚಕ್ರವರ್ತಿ ತಲೆಗೂದಲು, ಮೀಸೆ ಬೋಳಿಸಿ ಶವಕ್ಕೆ ತಾನೇ ಹೆಗಲು ಕೊಟ್ಟ. ಶೋಕದ ನೆಪದಲ್ಲಿ ಸಲೀಮನೂ ಆಗ್ರಾಕ್ಕೆ ಬಂದ. ತಂದೆ ಮಗನ ನಡುವೆ ಯುದ್ಧ ನಡೆಯಲಿಲ್ಲ. ಮಾತು ನಿಂತ ಮೇಲೂ ಆ ಮುದುಕಿ ಮನೆಯನ್ನು ಉಳಿಸಿದರು. ಅವರು ದೆಹಲಿಯ ಹುಮಾಯೂನ್ ಸಮಾಧಿಯಲ್ಲಿ ಪತಿಯ ಸನಿಹದಲ್ಲೇ ಮಣ್ಣಾದರು.

ಸಿಕಂದರಾದ ಸಮಾಧಿ

ಮರ್ಯಮ್-ಉಜ್-ಜಮಾನಿ 1623ರಲ್ಲಿ ತೀರಿಕೊಂಡರು. ಜಹಾಂಗೀರ್ ಆಗ್ರಾದ ಹೊರವಲಯದ ಸಿಕಂದರಾದಲ್ಲಿ, ಅಕ್ಬರನ ಸಮಾಧಿಗೆ ಸ್ವಲ್ಪ ದೂರದಲ್ಲಿ, ಲೋದಿ ಅರಸರ ಕಾಲದ ಹಳೆಯ ಉದ್ಯಾನಗೃಹವೊಂದನ್ನು ಮಾರ್ಪಡಿಸಿ ತಾಯಿಗೆ ಸಮಾಧಿ ಕಟ್ಟಿಸಿದ. 1627ರ ಹೊತ್ತಿಗೆ ಅದು ಮುಗಿಯಿತು. ಕೆಂಪುಕಲ್ಲಿನ ಚೌಕಾಕಾರದ ಕಟ್ಟಡ, ಮೂಲೆಗಳಲ್ಲಿ ಛತ್ರಿಗಳು. ತಾಜ್‌ಮಹಲಿನಂತೆ ಕಣ್ಣು ಕೋರೈಸುವಂಥದ್ದಲ್ಲ. ಆಗ್ರಾಕ್ಕೆ ಹೋಗುವ ನಮ್ಮ ಯಾತ್ರಿಕರಲ್ಲಿ ಹೆಚ್ಚಿನವರು ಅದನ್ನು ನೋಡದೆಯೇ ಬರುತ್ತಾರೆ.

ಆದರೆ ಈ ಸಮಾಧಿಗೆ ಇನ್ನೊಂದು ಬಾಳು ಕಾದಿತ್ತು. 1837-38ರಲ್ಲಿ ಉತ್ತರ ಭಾರತದಲ್ಲಿ ಭೀಕರ ಬರಗಾಲ ಬಿತ್ತು. ತಂದೆ ತಾಯಿ ಸತ್ತು ಬೀದಿಪಾಲಾದ ಮಕ್ಕಳನ್ನು ಚರ್ಚ್ ಮಿಷನರಿ ಸೊಸೈಟಿಯ ಆಂಗ್ಲಿಕನ್ ಧರ್ಮಪ್ರಚಾರಕರು ಒಟ್ಟುಗೂಡಿಸಿದರು. ಇಷ್ಟೊಂದು ಮಕ್ಕಳನ್ನು ಇರಿಸುವುದೆಲ್ಲಿ? ಅವರಿಗೆ ಸಿಕ್ಕಿದ ಜಾಗ ಇದೇ ಮರ್ಯಮ್ ಅವರ ಸಮಾಧಿ. ಆ ಕಟ್ಟಡ ಅನಾಥಾಲಯವಾಯಿತು. ಮಕ್ಕಳಿಗೆ ಕಸುಬು ಕಲಿಸಲು ಅಲ್ಲೊಂದು ಮುದ್ರಣಾಲಯವೂ ಆರಂಭವಾಯಿತು. ಅನೇಕ ವರ್ಷ ಅಲ್ಲಿ ಮಕ್ಕಳ ದನಿ ಕೇಳುತ್ತಿತ್ತು. ಇಂದು ಅದು ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ.

ಮುಸ್ಲಿಂ ಮಗನೊಬ್ಬ ಹಿಂದೂ ಮನೆತನದಲ್ಲಿ ಹುಟ್ಟಿದ ತನ್ನ ತಾಯಿಗಾಗಿ, ಮರಿಯಳ ಹೆಸರಿನಲ್ಲಿ ಕಟ್ಟಿದ ಸಮಾಧಿಯ ಮಾಡಿನ ಕೆಳಗೆ, ತಾಯಿಯಿಲ್ಲದ ಮಕ್ಕಳು ಅನ್ನ ಉಂಡು ಅಕ್ಷರ ಕಲಿತರು. ಕಟ್ಟಿಸಿದವನು ಇದನ್ನು ಯೋಚಿಸಿರಲಾರ. ಆದರೆ ತಾಯಿಯ ಹೆಸರಿನಲ್ಲಿ ಎತ್ತಿದ ಕಟ್ಟಡಕ್ಕೆ ಇದಕ್ಕಿಂತ ತಕ್ಕ ಉಪಯೋಗ ಬೇರೇನಿದ್ದೀತು?

ಪ್ರಿಯರೇ, ಹಬ್ಬದ ದಿನ ಮಾತೆಯ ಪಾದಕ್ಕೆ ಹೂವು ಇಡುವಾಗ ಆ ಹೆಸರನ್ನು ನಮ್ಮದೆಂದು ಮಾತ್ರ ಭಾವಿಸದಿರೋಣ. ಆ ಹೆಸರಿನ ಮುಂದೆ ಬಾಗಿದವರು ನಮ್ಮ ನೆರೆಹೊರೆಯಲ್ಲೂ ಇದ್ದಾರೆ. ಹೂವಿನ ಬುಟ್ಟಿ ಬರಿದಾದ ಮೇಲೆ ಮನೆಗೆ ಹೋಗಿ ವಯಸ್ಸಾದ ಅಮ್ಮನ ಪಕ್ಕದಲ್ಲಿ ಒಂದಿಷ್ಟು ಹೊತ್ತು ಕುಳಿತು, ಅವಳ ಕಥೆಯನ್ನು ಅವಳ ಬಾಯಿಂದಲೇ ಕೇಳೋಣ. ಅದು ನಮ್ಮ ಕೈಲಾಗುವ ಪಲ್ಲಕ್ಕಿ ಸೇವೆ. ಪಕ್ಕದ ಮನೆಯಲ್ಲಿ ಇನ್ನೊಂದು ಧರ್ಮದ ತಾಯಿಯಿದ್ದರೆ ಹೊಸ ಅಕ್ಕಿಯ ಪಾಯಸದ ಒಂದು ಪಾಲು ಅವಳಿಗೂ ತಲುಪಲಿ.